ಮಗು ಸ್ಲಿಂಗ್ ಮನೆಲೇ ಹೊಲಿಯೋದು ಹೇಗೆ? ಹೆಗಲಿನ ಹೊಲಿಗೆ ಮೇಲೆ ಕಣ್ಣಿರ್ಲಿ

ಎರಡು ರಿಂಗು, ಒಂದು ಉದ್ದನೆ ಬಟ್ಟೆ, ನೇರ ಹೊಲಿಗೆ ಹಾಕೋ ಮಿಷಿನ್ನು, ಇಷ್ಟಿದ್ರೆ ರಿಂಗ್ ಸ್ಲಿಂಗ್, ಅಂದ್ರೆ ಮಗೂನ ಎದೆಗೆ ಒರಗಿಸಿ ಹೊತ್ಕೊಳ್ಳೋಕೆ ಒಂದು ಹೆಗಲ ಮೇಲಿಂದ ಹಾಕ್ಕೊಳ್ಳೋ ಬಟ್ಟೆ, ಮನೆಲೇ ಹೊಲ್ಕೋಬಹುದು. ಕಾಲರ್ ಕೂರಿಸೋದು, ತೋಳು ಸೇರಿಸೋದು ಯಾವ್ದೂ ಇಲ್ಲ, ಹೊಸದಾಗಿ ಹೊಲಿಗೆ ಕಲ್ತೋರಿಗೂ ಆಗುತ್ತೆ. ಆದ್ರೆ ಹೊಲಿಗೆ ಬಿಟ್ಕೊಂಡ್ರೆ ಕೆಳಗೆ ಬೀಳೋದು ಮಗು, ಅದಕ್ಕೇ ಅಂಚು ಒಂಚೂರು ಸೊಟ್ಟಗಾದ್ರೂ ಪರ್ವಾಗಿಲ್ಲ, ಹೆಗಲ ಹತ್ರದ ಹೊಲಿಗೆಲಿ ಮಾತ್ರ ರಾಜಿ ಬೇಡ್ವೇ ಬೇಡ.

ಮೊದ್ಲು ರಿಂಗು. ಬ್ಯಾಗಿನ ರಿಂಗು, ಕರ್ಟನ್ ರಿಂಗು, ಮರದ ಬಳೆ ಯಾವ್ದೂ ನಡಿಯಲ್ಲ, ಬೆಸುಗೆ ಹಾಕಿರೋ ರಿಂಗ್ ಭಾರ ಬಿದ್ದಾಗ ಆ ಜಾಗದಲ್ಲೇ ಬಿಟ್ಕೊಳ್ಳೋ ಭಯ ಇದೆ. ಮಗು ಸ್ಲಿಂಗಿಗೇ ಅಂತ ಮಾಡಿರೋ ಜೋಡಣೆ ಇಲ್ಲದ ಅಲ್ಯುಮಿನಿಯಂ ಅಥವಾ ನೈಲಾನ್ ರಿಂಗೇ ಬೇಕು, ಎರಡೂ ಒಂದೇ ಸೈಜು, ಒಳಗಿನ ಅಗಲ ಸುಮಾರು 3 ಇಂಚು. ದುಡ್ಡು ಉಳಿಸೋ ಆಸೆ ಇದ್ರೆ ಬಟ್ಟೇಲಿ ಉಳಿಸಿ, ಇಲ್ಲಿ ಬೇಡ.

ಬಟ್ಟೆ ಕಾಟನ್ ಅಥವಾ ಲಿನನ್, ಎಳೆದ್ರೆ ಹಿಗ್ಗಬಾರದು, ತೀರಾ ತೆಳುವೂ ಬೇಡ, ದಪ್ಪ ಆದ್ರೂ ರಿಂಗಲ್ಲಿ ಓಡಲ್ಲ. ಜಾರೋ ಬಟ್ಟೆ ತಗೋಬೇಡಿ, ರಿಂಗಿಂದ ತಾನಾಗೇ ಸಡಿಲ ಆಗ್ತಾ ಹೋಗುತ್ತೆ. ಎರಡೂಕಾಲು ಮೀಟರ್ ಉದ್ದ, 75 ಸೆಂ.ಮೀ. ಅಗಲ ಸಾಕು, ತುಂಬಾ ಎತ್ತರ ಅಥವಾ ಮೈಕಟ್ಟು ದೊಡ್ಡದಿರೋರು ಇನ್ನೊಂದು ಕಾಲು ಮೀಟರ್ ಸೇರಿಸ್ಕೊಳ್ಳಿ. ಕತ್ತರಿ ಹಾಕೋಕೆ ಮುಂಚೆ ಒಗೆದು ಒಣಗಿಸಿ ಇಸ್ತ್ರಿ ಮಾಡಿ, ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತಲ್ಲ.

ಉದ್ದದ ಎರಡೂ ಅಂಚು, ಜೊತೆಗೆ ಒಂದು ತುದಿ, ಇವನ್ನ 1 ಸೆಂ.ಮೀ. ಎರಡು ಸಲ ಮಡಚಿ ಹೊಲೀರಿ. ಇನ್ನೊಂದು ತುದಿ ಹೆಗಲಿಗೆ, ಅದನ್ನ ಹಾಗೇ ಬಿಡಿ.

ಈಗ ಹೆಗಲು. ಹೊಲಿಯದೇ ಬಿಟ್ಟ ತುದೀನ 1 ಸೆಂ.ಮೀ. ಒಳಗೆ ಮಡಚಿ ಇಸ್ತ್ರಿ ಮಾಡಿ, ಆಮೇಲೆ ಸೀರೆಗೆ ಹಿಡಿದ ಹಾಗೆ ಒಂದೇ ಅಳತೆ ನೆರಿಗೆ ಹಿಡೀತಾ ಹೋಗಿ, ಪೂರ್ತಿ ಅಗಲ ಸುಮಾರು 20 ಸೆಂ.ಮೀ.ಗೆ ಬರಬೇಕು. ಪಿನ್ ಚುಚ್ಚಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದ್ರೆ ನೆರಿಗೆ ಕದಲಲ್ಲ. ಈ ತುದೀನ ಎರಡೂ ರಿಂಗ್ ಒಳಗಿಂದ ತೂರಿಸಿ ಬಟ್ಟೆಯ ಒಳಮೈ ಕಡೆಗೆ ಸುಮಾರು 20 ಸೆಂ.ಮೀ. ಮಡಚಿ, ರಿಂಗುಗಳು ಮಡಿಕೆಯಲ್ಲಿ ಕೂತ್ಕೋಬೇಕು. ಪಾಲಿಯೆಸ್ಟರ್ ದಾರ, 14 ನಂಬರ್ ಸೂಜಿ, 3 ಮಿ.ಮೀ. ಟಾಕಾ. ಮಡಚಿದ ತುದಿ ಪಕ್ಕದಲ್ಲಿ ಅಡ್ಡಕ್ಕೆ ಒಂದು ಸಾಲು, ಅಲ್ಲಿಂದ ರಿಂಗಿನ ಕಡೆಗೆ ಒಂದೊಂದು ಸೆಂ.ಮೀ. ಬಿಟ್ಟು ಇನ್ನೆರಡು ಸಾಲು, ಪ್ರತಿ ಸಾಲಿನ ಎರಡೂ ಕೊನೇಲಿ ರಿವರ್ಸ್ ಹೊಡೀರಿ. ಪದರ ದಪ್ಪ ಆಗಿ ಮಿಷಿನ್ ಒದ್ದಾಡ್ತಿದ್ರೆ ಪೆಡಲ್ ತುಳಿದು ಒತ್ತಾಯ ಮಾಡ್ದೆ ಚಕ್ರ ಕೈಯಲ್ಲಿ ತಿರುಗಿಸಿ. ಮುಗಿದ್ಮೇಲೆ ಹಿಂದುಗಡೆ ತಿರುಗಿಸಿ ನೋಡಿ, ಟಾಕಾ ತಪ್ಪಿದ್ರೆ ಅಥವಾ ಕೆಳಗಿನ ದಾರ ಸಡಿಲ ಇದ್ರೆ ಆ ಸಾಲು ಬಿಚ್ಚಿ ಹೊಸದಾಗಿ ಹಾಕಿ, ಮೇಲಿಂದ ಮೇಲೆ ಹೊಲಿದು ಮುಚ್ಚೋದು ಬೇಡ.

ಹಾಕ್ಕೊಳ್ಳೋವಾಗ ರಿಂಗ್ ಹೆಗಲ ಮೂಳೆಯ ಸ್ವಲ್ಪ ಕೆಳಗೆ ಎದೆ ಮೇಲ್ಭಾಗದಲ್ಲಿ, ಬಟ್ಟೆ ಬೆನ್ನಿಂದ ಇನ್ನೊಂದು ಕಂಕುಳ ಕೆಳಗೆ ಸುತ್ತಿ ಮುಂದೆ ಬಂದು, ತುದಿ ಎರಡೂ ರಿಂಗೊಳಗೆ ಕೆಳಗಿಂದ ಮೇಲೆ ತೂರಿ, ಮೇಲಿನ ರಿಂಗನ್ನ ದಾಟಿ ಕೆಳಗಿನ ರಿಂಗೊಳಗಿಂದ ಹೊರಗೆ ಬರಬೇಕು. ಎಲ್ಲೂ ತಿರುಚಿರಬಾರದು.

ಮಗೂನ ಕೂರಿಸೋಕೆ ಮುಂಚೆ ಒಳಗೆ ಪುಸ್ತಕವೋ ಮರಳಿನ ಚೀಲವೋ, ಮಗುವಿನ ತೂಕದ ಎರಡರಷ್ಟು ಭಾರ ಇಟ್ಕೊಂಡು ಮನೆಯೊಳಗೆ ಓಡಾಡಿ, ಸ್ವಲ್ಪ ಕುಲುಕಿ. ಟಾಕಾ ಮಧ್ಯೆ ಸಂದು ಬಿಡ್ತಾ ಇದ್ರೆ, ಸೂಜಿ ತೂತು ಅಗಲ ಆಗ್ತಿದ್ರೆ, ಬಟ್ಟೆ ರಿಂಗಲ್ಲಿ ಜಾರ್ತಿದ್ರೆ ಅದು ಮಗುವಿಗೆ ಆಗಲ್ಲ.

ಇನ್ನು ಮಗು ಕೂರೋ ರೀತಿ. ಹೊಲಿಗೆ ಎಷ್ಟೇ ಗಟ್ಟಿ ಇದ್ರೂ ಇಲ್ಲಿ ತಪ್ಪಿದ್ರೆ ಉಸಿರಿಗೇ ಅಪಾಯ. 2010ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, 4 ತಿಂಗಳೊಳಗಿನ ಮಕ್ಕಳನ್ನ ಸ್ಲಿಂಗಲ್ಲಿ ಹಾಕೋವಾಗ ತುಂಬಾ ಜಾಗ್ರತೆ ಬೇಕು ಅಂತ ಎಚ್ಚರಿಸಿತ್ತು. ಕಾರಣ ಎರಡು, ಬಟ್ಟೆ ಮೂಗು ಬಾಯಿಗೆ ಒತ್ಕೊಳ್ಳೋದು, ಮಗು ಮುದುಡಿ ಗದ್ದ ಎದೆಗೆ ಅಂಟಿ ಉಸಿರಿನ ದಾರಿ ಕಟ್ಕೊಳ್ಳೋದು. ಹಾಗಾಗಿ ಮಗು ನೆಟ್ಟಗೆ ನಿಮ್ಮೆದೆಗೆ ಒರಗಿ ಬಿಗಿಯಾಗಿರ್ಲಿ, ಬಗ್ಗಿದ್ರೆ ಮುತ್ತಿಡೋವಷ್ಟು ಹತ್ರ ತಲೆ, ಮುಖ ಸದಾ ಕಣ್ಣಿಗೆ ಕಾಣ್ಬೇಕು, ಗದ್ದದ ಕೆಳಗೆ ಎರಡು ಬೆರಳು ಹಿಡಿಸೋ ಜಾಗ ಇರ್ಬೇಕು. ಮಂಡಿ ಕುಂಡೆಗಿಂತ ಮೇಲಿದ್ರೆ ಸೊಂಟದ ಕೀಲಿಗೂ ಒಳ್ಳೇದು. ತಿಂಗಳು ತುಂಬದೇ ಹುಟ್ಟಿದ, ತೂಕ ಕಮ್ಮಿ ಇರೋ, ಉಸಿರಾಟದ ತೊಂದ್ರೆ ಇರೋ ಮಕ್ಕಳಾದ್ರೆ ಡಾಕ್ಟ್ರನ್ನ ಕೇಳ್ದೆ ಸ್ಲಿಂಗ್ ಬೇಡ. ಒಲೆ ಮುಂದೆ, ಸೈಕಲ್ ಮೇಲೆ, ಕಾರಲ್ಲಿ ಯಾರಿಗೂ ಬೇಡ.

ಪ್ರತಿ ಸಲ ಹಾಕ್ಕೊಳ್ಳೋವಾಗ ಆ ಮೂರು ಸಾಲಿನ ಮೇಲೊಮ್ಮೆ ಬೆರಳಾಡಿಸಿ, ರಿಂಗಲ್ಲಿ ಬಿರುಕೋ ಚೂಪು ಗೀರೋ ಇದ್ಯಾ ನೋಡಿ. ಬಟ್ಟೆ ಸವೆದ್ರೆ ರಿಂಗ್ ಬಿಚ್ಚಿ ಇಟ್ಕೊಳ್ಳಿ, ಚೆನ್ನಾಗಿದ್ರೆ ಹೊಸ ಬಟ್ಟೆಗೂ ಅದೇ ಆಗುತ್ತೆ.