ಜಾರಿ ಬೀಳುವ ನಗೆ, ತುಟಿಯಂಚಿನ ನಗೆ: ಹಾಸ್ಯದೃಶ್ಯ ಬರೆಯುವ ಬಗೆ

ಮಲ್ಲೇಶ್ವರದ ವಠಾರವೊಂದರಲ್ಲಿ ಬಾಡಿಗೆ ಕೇಳಲು ಬಂದ ಮಾಲೀಕರು ಒದ್ದೆ ನೆಲದಲ್ಲಿ ಜಾರಿ ಬೀಳುವ ದೃಶ್ಯವನ್ನು ಬರೆಯುವುದಾದರೆ, ಮೊದಲು ನೀರನ್ನು ಪ್ರೇಕ್ಷಕರಿಗೆ ತೋರಿಸಿ, ಬೀಳುವವರ ಇಡೀ ದೇಹ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಕ್ಯಾಮೆರಾವನ್ನು ದೂರದಲ್ಲಿಡಿ. 1928ರ ಮೂಕಿಚಿತ್ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಮನೆಯ ಮುಂಗೋಡೆಯೇ ಮೈಮೇಲೆ ಬಿದ್ದರೂ ಕಿಟಕಿಯ ತೆರಪಿನಿಂದಾಗಿ ಹಾಸ್ಯನಟ ಬಸ್ಟರ್ ಕೀಟನ್ ಉಳಿಯುತ್ತಾರೆ, ಅಲ್ಲಿ ನಗು ಹುಟ್ಟಿಸುವುದು ಗೋಡೆಗಿಂತ ಹೆಚ್ಚಾಗಿ ಅವರ ನಿರ್ವಿಕಾರ ಮುಖವೆಂದೇ ನನ್ನ ಎಣಿಕೆ.

ಸೂಕ್ಷ್ಮ ಹಾಸ್ಯ ಬೇಕಿದ್ದರೆ ಮಾಲೀಕರನ್ನು ಬೀಳಿಸಬೇಡಿ. ‘ಜೋಪಾನ, ನೆಲ ಒದ್ದೆಯಿದೆ’ ಎಂದು ಬಾಡಿಗೆದಾರರು ವಿನಯದಿಂದ ಎಚ್ಚರಿಸಲಿ. ಮೂರು ತಿಂಗಳ ಬಾಕಿ ವಸೂಲಿಗೆ ಬಂದವರು ಹೊಸ್ತಿಲಾಚೆಯೇ ನಿಂತು, ನೆಲ ಒಣಗಲೆಂದು ಕಾದು ಕಾದು, ಕಾಫಿ ಕುಡಿದು ಮರಳಲಿ. ಮರುದಿನ ಬಾಗಿಲು ಬಡಿದ ಸದ್ದಿಗೆ ಒಳಗಿನಿಂದ ಬಕೆಟ್ಟಿನ ಸದ್ದು ಉತ್ತರಿಸಿದರೆ ಸಾಕು, ಮಾತು ಬೇಡ. ಹಿನ್ನೆಲೆಯಲ್ಲಿ ‘ಟೊಯ್ಂಯ್’ ಎಂಬ ಸದ್ದನ್ನಂತೂ (ನಮ್ಮ ಸಂಕಲನಕಾರರಿಗೆ ಅದರ ಮೇಲೆ ಅದೇನು ಮೋಹವೋ!) ಸೇರಿಸಲೇಬೇಡಿ.