ಶ್ವೇತ ಕುಬ್ಜ ಅಳೆಯಲು ಹೊರಟೆ, ಅರ್ಧ ರಾತ್ರಿ ಸೊನ್ನೆಗೇ ಹೋಯಿತು

ಮೊದಲ ಸಲ ಒಂದು ಶ್ವೇತ ಕುಬ್ಜದ (ಇಂಧನ ಮುಗಿದು ಕುಗ್ಗಿದ ನಕ್ಷತ್ರ) ಬೆಳಕಲ್ಲಿ ಶೇಕಡಾ 0.4ರಷ್ಟು ಧ್ರುವೀಕರಣ (ಬೆಳಕಿನ ಅಲೆಗಳು ಒಂದು ದಿಕ್ಕಿನಲ್ಲಿ ಹೆಚ್ಚಾಗಿ ಕಂಪಿಸುವುದು) ಕಂಡಾಗ ಖುಷಿಗೆ ನಿದ್ದೆಯೇ ಬರಲಿಲ್ಲ. ಎರಡು ವಾರ ಆದಮೇಲೆ ಗೊತ್ತಾಯಿತು, ಅದು ನಕ್ಷತ್ರದ್ದಲ್ಲ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಆ ಎರಡು ವಾರದ ಕಥೆ ಜಾಸ್ತಿ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ನನ್ನ ವ್ಯವಸ್ಥೆ ಸರಳ. 1 ಮೀಟರ್ ದೂರದರ್ಶಕ, ಅದರ ಹಿಂದೆ ಧ್ರುವೀಕರಣದ ದಿಕ್ಕನ್ನು ಬದಲಿಸುವ, ತಿರುಗುವ ಹಾಫ್ ವೇವ್ ಪ್ಲೇಟ್, ಆಮೇಲೆ ವೊಲಾಸ್ಟನ್ ಪ್ರಿಸಂ, ಕೊನೆಗೆ ಕ್ಯಾಮೆರಾ. ಪ್ರಿಸಂ ಬೆಳಕನ್ನು ಕಂಪನದ ದಿಕ್ಕಿನ ಪ್ರಕಾರ ಎರಡಾಗಿ ಸೀಳುತ್ತೆ, ಹಾಗಾಗಿ ಪ್ರತಿ ನಕ್ಷತ್ರಕ್ಕೂ ಚಿತ್ರದಲ್ಲಿ ಎರಡು ಚುಕ್ಕೆ. ಪ್ಲೇಟನ್ನು 0, 22.5, 45, 67.5 ಡಿಗ್ರಿಗೆ ತಿರುಗಿಸಿ ನಾಲ್ಕು ಚಿತ್ರ ತೆಗೆಯುತ್ತೇನೆ. 0 ಮತ್ತು 45ರ ಜೋಡಿಯಲ್ಲಿ ಎರಡು ಚುಕ್ಕೆಗಳ ಅನುಪಾತ ಹೇಗೆ ಬದಲಾಯಿತು ಅಂತ ನೋಡಿದರೆ ಧ್ರುವೀಕರಣದ ಒಂದು ಅಂಶ ಸಿಗುತ್ತೆ, ಉಳಿದ ಜೋಡಿಯಿಂದ ಇನ್ನೊಂದು. ಈ ಅನುಪಾತದ ಉಪಾಯ ನನಗೆ ಬಹಳ ಇಷ್ಟ. ಮಧ್ಯೆ ತೆಳು ಮೋಡ ಹಾದುಹೋದರೂ ಎರಡು ಚುಕ್ಕೆಗಳೂ ಒಟ್ಟಿಗೇ ಮಂಕಾಗುವುದರಿಂದ ಲೆಕ್ಕ ಕೆಡುವುದಿಲ್ಲ.

ಆದರೆ ಫೋಟಾನ್ ಸಾಲದೆ ಹೋದರೆ ಯಾವ ಉಪಾಯವೂ ನಡೆಯುವುದಿಲ್ಲ. ಶೇಕಡಾ 0.1ರ ನಿಖರತೆಗೆ ಸುಮಾರು 10 ಲಕ್ಷ ಫೋಟಾನ್ ಬೇಕು. ಶೇಕಡಾ 0.01 ಬೇಕು ಅಂದರೆ 10 ಕೋಟಿ! 13ನೇ ಕಾಂತಿಮಾನದ (ಬರಿಗಣ್ಣಿಗೆ ಕಾಣದಷ್ಟು ಮಂಕು) ನಕ್ಷತ್ರದಲ್ಲಿ ಮೊದಲನೆಯದು ಒಂದೆರಡು ನಿಮಿಷದ ಕೆಲಸ, ಎರಡನೆಯದಕ್ಕೆ ಎರಡು ಮೂರು ಗಂಟೆ.

ಇನ್ನು ಆ 0.4ರ ವಿಷಯ. ದೂರದರ್ಶಕ ಮತ್ತು ಕನ್ನಡಿಗಳೇ ಬೆಳಕನ್ನು ಸ್ವಲ್ಪ ಧ್ರುವೀಕರಿಸುತ್ತವೆ ಅಲ್ವಾ, ಮೊದಲು ಅದರ ಮೇಲೇ ಅನುಮಾನ ಬಂತು. ಜಿ191-ಬಿ2ಬಿ ನೋಡಿದೆ. ಅದೂ ಶ್ವೇತ ಕುಬ್ಜವೇ, ಧ್ರುವೀಕರಣ ಸೊನ್ನೆಗೆ ತೀರಾ ಹತ್ತಿರ ಇರುವುದರಿಂದ ಎಲ್ಲರೂ ಅದನ್ನು ಮಾನಕವಾಗಿ ಬಳಸುತ್ತಾರೆ. ಅಲ್ಲಿ ಸೊನ್ನೆಯೇ ಬಂತು. ಹಾಗಾದರೆ ನನ್ನ 0.4 ನಿಜ ಅಂತ ಇನ್ನೂ ಗಟ್ಟಿಯಾಗಿ ನಂಬಿದೆ. ಆದರೂ ಸಮಾಧಾನ ಆಗದೆ, ಇಡೀ ಉಪಕರಣವನ್ನೇ 90 ಡಿಗ್ರಿ ತಿರುಗಿಸಿ, 0.4 ಕೊಟ್ಟಿದ್ದ ನನ್ನ ನಕ್ಷತ್ರವನ್ನು ಮತ್ತೆ ಅಳೆದೆ. ನಕ್ಷತ್ರದ ಧ್ರುವೀಕರಣವಾಗಿದ್ದರೆ ಎರಡೂ ಅಂಶಗಳ ಚಿಹ್ನೆ ಉಲ್ಟಾ ಆಗಬೇಕಿತ್ತು. ಉಲ್ಟಾ ಆಗಲಿಲ್ಲ, ಮಾಯವೇ ಆಗಿಬಿಟ್ಟಿತು.

ಹಳೇ ಚಿತ್ರಗಳನ್ನು ಹಿಗ್ಗಿಸಿ ಒಂದೊಂದಾಗಿ ನೋಡಿದಾಗ ಕಾರಣ ಸಿಕ್ಕಿತು. ಪಕ್ಕದಲ್ಲಿದ್ದ ಒಂದು ಮಬ್ಬು ನಕ್ಷತ್ರದ ಎರಡನೇ ಚುಕ್ಕೆ ನನ್ನ ನಕ್ಷತ್ರದ ಮೊದಲ ಚುಕ್ಕೆಗೆ ಅಂಟಿಕೊಂಡಂತೆ ಬಿದ್ದಿತ್ತು. ಅದು ಒಂದೇ ಪ್ರಮಾಣದಲ್ಲಿ ಸೇರುತ್ತಿದ್ದರೆ ಅನುಪಾತದಲ್ಲಿ ಬಹುಪಾಲು ಕಳೆದುಹೋಗುತ್ತಿತ್ತು. ಆದರೆ ಗಾಳಿಯ ಅಲುಗಾಟ ಹೆಚ್ಚು ಕಡಿಮೆ ಆದಂತೆ ಚುಕ್ಕೆಗಳು ಹಿಗ್ಗಿ ಕುಗ್ಗಿ, ಒಂದು ಚಿತ್ರದಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಬೆಳಕು ಒಳಗೆ ನುಗ್ಗುತ್ತಿತ್ತು. ಅದೇ ಧ್ರುವೀಕರಣದ ವೇಷ ಹಾಕಿತ್ತು. ಅಂದಿನಿಂದ ಅಳೆಯುವ ಮುಂಚೆ ಎರಡೂ ಚುಕ್ಕೆಗಳ ಸುತ್ತ ಯಾರಿದ್ದಾರೆ ಅಂತ ನೋಡುತ್ತೇನೆ. ಯಾರಾದರೂ ಇದ್ದರೆ ಉಪಕರಣವನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ.

ಇನ್ನೊಂದು ಮಾತು. ಒಟ್ಟು ಧ್ರುವೀಕರಣ ಎರಡು ಅಂಶಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದದ್ದು, ಹಾಗಾಗಿ ಅದು ಯಾವತ್ತೂ ಋಣ ಆಗುವುದಿಲ್ಲ. ಬರೀ ಗದ್ದಲ (ಅಳತೆಯ ಯಾದೃಚ್ಛಿಕ ಏರಿಳಿತ) ಅಳೆದರೂ ಏನೋ ಒಂದು ಸಂಖ್ಯೆ ಬರುತ್ತೆ. ಆ ಸಂಖ್ಯೆ ದೋಷದ ಮೂರು ಪಟ್ಟಾದರೂ ಇಲ್ಲದಿದ್ದರೆ ನಾನು ಅದನ್ನು ಕಂಡೆ ಅಂತ ಹೇಳುವುದಿಲ್ಲ.

ಆಮೇಲೆ ಹಾಫ್ ವೇವ್ ತೆಗೆದು ಕ್ವಾರ್ಟರ್ ವೇವ್ ಪ್ಲೇಟ್ ಹಾಕಿದೆ. ಇಲ್ಲಿಯವರೆಗೆ ಅಳೆದದ್ದು ರೇಖೀಯ ಧ್ರುವೀಕರಣ, ಆದರೆ ಶ್ವೇತ ಕುಬ್ಜದ ನಿಜವಾದ ರುಚಿ ಇರುವುದು ವೃತ್ತೀಯ ಧ್ರುವೀಕರಣದಲ್ಲಿ, ಅಂದರೆ ಕಂಪನದ ದಿಕ್ಕು ಸುತ್ತುತ್ತಾ ಸಾಗುವ ಬೆಳಕಲ್ಲಿ. ಈ ಪ್ಲೇಟ್ ಅದನ್ನು ಪ್ರಿಸಂ ಸೀಳಬಲ್ಲ ರೇಖೀಯಕ್ಕೆ ಬದಲಿಸುತ್ತೆ. ದಾರಿಯಲ್ಲಿರುವ ಧೂಳು ರೇಖೀಯ ಧ್ರುವೀಕರಣ ಕೊಡುತ್ತೆ, ವೃತ್ತೀಯ ಕೊಡುವುದು ತೀರಾ ಕಡಿಮೆ. ಬಲವಾದ ಕಾಂತಕ್ಷೇತ್ರ ಇದ್ದರೆ ಮಾತ್ರ ಅದು ಎದ್ದು ಕಾಣುತ್ತೆ. ನಾನು ಆರಿಸಿಕೊಂಡದ್ದು ಜಿಆರ್‌ಡಬ್ಲ್ಯೂ +70 8247 ಅನ್ನುವ ಶ್ವೇತ ಕುಬ್ಜ. ಸುಮಾರು 42 ಜ್ಯೋತಿರ್ವರ್ಷ ದೂರ ಅಷ್ಟೇ. 1938ರಲ್ಲಿ ಖಗೋಳವಿಜ್ಞಾನಿ ಮಿಂಕೋವ್ಸ್ಕಿ ಇದರ ರೋಹಿತದಲ್ಲಿ ವಿಚಿತ್ರ ಪಟ್ಟೆಗಳನ್ನು ಕಂಡರು, ಅವು ಏನು ಅಂತ ದಶಕಗಟ್ಟಲೆ ಯಾರಿಗೂ ತಿಳಿಯಲಿಲ್ಲ. 1970ರಲ್ಲಿ ಕೆಂಪ್ ಮತ್ತು ಸಂಗಡಿಗರು ಇದರಲ್ಲಿ ಶೇಕಡಾ 1ರಿಂದ 3ರಷ್ಟು ವೃತ್ತೀಯ ಧ್ರುವೀಕರಣ ಅಳೆದು ಇದು ಕಾಂತೀಯ ನಕ್ಷತ್ರ ಅಂತ ತೋರಿಸಿದರು. ಆ ಪಟ್ಟೆಗಳು ಸುಮಾರು 32 ಕೋಟಿ ಗಾಸ್ ಕ್ಷೇತ್ರದಲ್ಲಿ ಸಿಕ್ಕಿ ಜಾಗ ಬದಲಿಸಿದ ಹೈಡ್ರೋಜನ್ ರೇಖೆಗಳೇ ಅಂತ 1980ರ ದಶಕದಲ್ಲಿ ಗೊತ್ತಾಯಿತು. ಭೂಮಿಯದ್ದು ಅರ್ಧ ಗಾಸ್ ಅಂತ ನೆನಪಿಟ್ಟುಕೊಂಡು ನೋಡಿ.

ಪ್ಲೇಟನ್ನು 45ರಲ್ಲಿ ಇಟ್ಟಾಗ ಒಂದು ಚುಕ್ಕೆ ಗೆದ್ದಿತು. 135ಕ್ಕೆ ತಿರುಗಿಸಿದೆ, ಇನ್ನೊಂದು ಗೆದ್ದಿತು. 225, 315ರಲ್ಲೂ ಅಳೆದು ಸರಾಸರಿ ತೆಗೆದೆ, ಪ್ಲೇಟಿನ ಸಣ್ಣ ಕುಂದುಗಳಿಂದ ರೇಖೀಯದ್ದು ವೃತ್ತೀಯಕ್ಕೆ ಸೋರಬಾರದಲ್ಲ, ಅದಕ್ಕೆ. ಮೂರು ರಾತ್ರಿ ಅಳೆದೆ, ಮೂರರಲ್ಲೂ ಅದೇ ಚಿಹ್ನೆ, ದೋಷದ ಒಳಗೆ ಅದೇ ಬೆಲೆ. ಈ ನಕ್ಷತ್ರ ಬಹಳ ನಿಧಾನವಾಗಿ ಸುತ್ತುವುದರಿಂದ ಹಾಗೇ ಆಗಬೇಕು. ಮುಂದಿನದು ಫೈಗೆ 7 ಅನ್ನುವ ಇನ್ನೊಂದು ಕಾಂತೀಯ ಶ್ವೇತ ಕುಬ್ಜ. ಅದು ಸುಮಾರು 2.2 ಗಂಟೆಗೊಮ್ಮೆ ಸುತ್ತುತ್ತೆ, ಆದ್ದರಿಂದ ನಾಲ್ಕು ಚಿತ್ರಗಳ ಒಂದು ಸುತ್ತನ್ನು ಹತ್ತು ನಿಮಿಷದೊಳಗೆ ಮುಗಿಸಬೇಕು, ಪ್ಲೇಟ್ ತಿರುಗಿಸುವ ಮೋಟಾರನ್ನು ಈಗ ಅದಕ್ಕೇ ಹದಗೊಳಿಸುತ್ತಿದ್ದೇನೆ.