‘ಪರ್ಮಿಷನ್ ಡಿನೈಡ್’: ಸರ್ವರ್‌ನಲ್ಲಿ ಪೈಥಾನ್ ಆಪ್ ತಡೆದು ನಿಂತಾಗ ಏನು ಮಾಡಬೇಕು?

ಲ್ಯಾಪ್‌ಟಾಪ್‌ನಲ್ಲಿ ತಿಂಗಳುಗಟ್ಟಲೆ ತಕರಾರಿಲ್ಲದೆ ಓಡುತ್ತಿದ್ದ ಜ್ಯಾಂಗೋ ಅಥವಾ ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಆಪ್ ಕಟ್ಟುವ ಚೌಕಟ್ಟುಗಳು) ಆಪ್, ಸರ್ವರ್‌ಗೆ ಏರಿಸಿದ ಕೂಡಲೇ ‘502 ಬ್ಯಾಡ್ ಗೇಟ್‌ವೇ’ ಅಥವಾ ‘403 ಫಾರ್ಬಿಡನ್’ ಎಂದು ನಿಂತುಬಿಡುವುದು ಬಹಳ ಮಂದಿಯ ಅನುಭವ. ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆಯುವವರು, ಅದನ್ನು ಓಡಿಸುವವರು, ಫೈಲುಗಳ ಒಡೆಯರು ಎಲ್ಲರೂ ಒಬ್ಬರೇ. ಸರ್ವರ್‌ನಲ್ಲಿ ಹಾಗಲ್ಲ. ಫೈಲುಗಳನ್ನು ಏರಿಸಿದ ಖಾತೆ ಒಂದು, ಪೈಥಾನ್ ಆಪನ್ನು ಓಡಿಸುವ ಗುನಿಕಾರ್ನ್‌ನ ಖಾತೆ ಇನ್ನೊಂದು, ಎಲ್ಲರಿಗಿಂತ ಮುಂದೆ ನಿಂತು ಬ್ರೌಸರ್‌ನ ಕೋರಿಕೆಗಳನ್ನು ಪಡೆಯುವ ಎಂಜಿನ್‌ಎಕ್ಸ್‌ನ ಖಾತೆ ಮತ್ತೊಂದು. ಆದ್ದರಿಂದ ‘ಯಾವ ಫೈಲಿನ ಅನುಮತಿ ತಪ್ಪಾಗಿದೆ’ ಎಂದು ಕೇಳುವುದಕ್ಕಿಂತ ಮೊದಲು, ‘ಯಾವ ಖಾತೆಗೆ, ದಾರಿಯ ಯಾವ ಹಂತದಲ್ಲಿ ತಡೆ ಬಿದ್ದಿದೆ’ ಎಂದು ಕೇಳಿಕೊಳ್ಳಬೇಕು.

ಇಂಥ ಹೊತ್ತಿನಲ್ಲಿ ಇಡೀ ಪ್ರಾಜೆಕ್ಟ್ ಫೋಲ್ಡರ್‌ಗೆ ‘ಚ್‌ಮಾಡ್ 777’ (ಎಲ್ಲರಿಗೂ ಓದುವ, ಬರೆಯುವ, ಓಡಿಸುವ ಅನುಮತಿ) ಕೊಡಲು ಕೈ ತುಡಿಯುತ್ತದೆ. ದಯವಿಟ್ಟು ಕೊಡಬೇಡಿ. ಹಾಗೆ ಮಾಡಿದರೆ ಸರ್ವರ್‌ನಲ್ಲಿರುವ ಯಾವುದೇ ಖಾತೆ ನಿಮ್ಮ ಸೆಟ್ಟಿಂಗ್ಸ್ ಫೈಲಿನಲ್ಲಿರುವ ಡೇಟಾಬೇಸ್ ಪಾಸ್‌ವರ್ಡ್ ಓದಬಹುದು, ಕೋಡನ್ನೇ ತಿದ್ದಬಹುದು. ಅಷ್ಟಾದರೂ ಮೂಲ ತೊಂದರೆ ಹಲವು ಬಾರಿ ಹಾಗೆಯೇ ಉಳಿಯುತ್ತದೆ.

ಮೊದಲ ಹೆಜ್ಜೆ, ಲಾಗ್ ಓದುವುದು. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್‌ನ ದೋಷಗಳು ‘/ವರ್/ಲಾಗ್/ಎಂಜಿನ್‌ಎಕ್ಸ್’ ಫೋಲ್ಡರ್‌ನ ಎರರ್ ಲಾಗ್‌ನಲ್ಲಿ ದಾಖಲಾಗುತ್ತವೆ. ಗುನಿಕಾರ್ನ್‌ನದನ್ನು ಸಾಮಾನ್ಯವಾಗಿ ‘ಜರ್ನಲ್‌ಸಿಟಿಎಲ್’ ಮೂಲಕ ನೋಡಬಹುದು. ದೋಷದ ಸಾಲಿನಲ್ಲಿರುವ ಸಂಖ್ಯೆಯನ್ನು ಗಮನಿಸಿ. ಅದು 13 ಆಗಿದ್ದರೆ ಮಾತ್ರ ಅನುಮತಿಯ ಸಮಸ್ಯೆ. 2 ಎಂದಿದ್ದರೆ ಆ ಹೆಸರಿನ ಫೈಲಾಗಲಿ ಸಾಕೆಟ್ (ಎಂಜಿನ್‌ಎಕ್ಸ್ ಮತ್ತು ಗುನಿಕಾರ್ನ್ ಮಾತಾಡಿಕೊಳ್ಳುವ ಕೊಂಡಿ) ಆಗಲಿ ಇಲ್ಲ, 111 ಎಂದಿದ್ದರೆ ಆ ಕಡೆ ಕೇಳಿಸಿಕೊಳ್ಳಲು ಯಾವ ಪ್ರೋಗ್ರಾಮೂ ಇಲ್ಲ. ಬ್ರೌಸರ್‌ನಲ್ಲಿ ಈ ಮೂರರಲ್ಲಿ ಯಾವುದಾದರೂ 502 ಆಗಿಯೇ ಕಾಣಿಸಬಹುದಾದ್ದರಿಂದ ಲಾಗ್ ನೋಡದೆ ಚಿಕಿತ್ಸೆ ಶುರು ಮಾಡುವುದು ವ್ಯರ್ಥ.

ಸಂಖ್ಯೆ 13 ಎಂದಾದರೆ, ತಡೆಯಲ್ಪಟ್ಟ ಖಾತೆ ಯಾವುದೆಂದು ತಿಳಿಯಿರಿ. ‘ಪಿಎಸ್’ ಆದೇಶದ ಪಟ್ಟಿಯಲ್ಲಿ ಪ್ರತಿಯೊಂದು ಪ್ರಕ್ರಿಯೆಯ ಎದುರು ಅದರ ಖಾತೆಯ ಹೆಸರಿರುತ್ತದೆ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಎಂಜಿನ್‌ಎಕ್ಸ್‌ನ ಮುಖ್ಯ ಪ್ರಕ್ರಿಯೆ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ ಓಡಿದರೂ, ಫೈಲುಗಳನ್ನು ಓದಿ ಕೊಡುವ ವರ್ಕರ್‌ಗಳು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಖಾತೆಯಲ್ಲಿ ಓಡುತ್ತವೆ. ಗುನಿಕಾರ್ನ್ ಯಾವ ಖಾತೆಯಲ್ಲಿ ಓಡಬೇಕೆಂಬುದನ್ನು ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿಯ ಯೂನಿಟ್ ಫೈಲಿನ ‘ಯೂಸರ್’ ಮತ್ತು ‘ಗ್ರೂಪ್’ ಸಾಲುಗಳು ನಿರ್ಧರಿಸುತ್ತವೆ.

ಮುಂದಿನದು ದಾರಿಯ ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಫೈಲಿಗೆ 644 (ಒಡೆಯನಿಗೆ ಓದು-ಬರಹ, ಉಳಿದವರಿಗೆ ಓದು ಮಾತ್ರ) ಇದ್ದರೆ ಎಲ್ಲರೂ ಓದಬಹುದು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಫೋಲ್ಡರ್‌ನ ‘ಎಕ್ಸ್’ ಅನುಮತಿ ಎಂದರೆ ಅದನ್ನು ಹಾದು ಒಳಗೆ ಹೋಗುವ ಹಕ್ಕು; ವಠಾರದ ಒಳಮನೆ ತೆರೆದಿದ್ದರೂ ಹೊರಗಿನ ಗೇಟಿಗೆ ಬೀಗ ಬಿದ್ದಿದ್ದರೆ ಒಳಗೆ ಹೋಗಲು ಹೇಗೆ ಆಗದೋ, ಹಾಗೆಯೇ ಮೇಲಿನ ಯಾವುದೇ ಒಂದು ಫೋಲ್ಡರ್ ತಡೆದರೂ ಫೈಲು ಸಿಗುವುದಿಲ್ಲ. ಇದನ್ನು ಹಂತ ಹಂತವಾಗಿ ತೋರಿಸುವುದಕ್ಕೆಂದೇ ‘ನೇಮ್‌ಐ’ (namei) ಎಂಬ ಆದೇಶವೊಂದಿದೆ. ಅದಕ್ಕೆ ‘-ಎಲ್’ ಮತ್ತು ಫೈಲಿನ ಪೂರ್ತಿ ವಿಳಾಸ ಕೊಟ್ಟರೆ, ಮೂಲದಿಂದ ಹಿಡಿದು ಪ್ರತಿಯೊಂದು ಫೋಲ್ಡರ್‌ನ ಒಡೆಯ, ಗುಂಪು ಮತ್ತು ಅನುಮತಿಗಳು ಒಂದರ ಕೆಳಗೊಂದು ಮೂಡುತ್ತವೆ. ‘/ಹೋಮ್/ಡಿಪ್ಲಾಯ್/ಅಂಗಡಿ/ಸ್ಟ್ಯಾಟಿಕ್’ ಎಂಬ ದಾರಿಯಲ್ಲಿ ‘ಡಿಪ್ಲಾಯ್’ ಎದುರಿನ ಅನುಮತಿಯ ಕೊನೆಯ ಮೂರು ಸ್ಥಾನಗಳಲ್ಲಿ ಮೂರು ಅಡ್ಡಗೆರೆಗಳು (ಅಂದರೆ ಇತರರಿಗೆ ಯಾವ ಅನುಮತಿಯೂ ಇಲ್ಲ) ಕಂಡರೆ, ಕಳ್ಳ ಸಿಕ್ಕಂತೆಯೇ.

ಈ ಅಡ್ಡಗೆರೆಗಳಿಗೊಂದು ಹಿನ್ನೆಲೆಯಿದೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಅನುಮತಿ 755ರ ಬದಲು 750 ಆಯಿತು. ಅದಕ್ಕೂ ಹಿಂದಿನ ಪಾಠಗಳನ್ನು ನೋಡಿ ಹೋಮ್ ಒಳಗೆ ಪ್ರಾಜೆಕ್ಟ್ ಇಡುವವರು ಅದರಿಂದಲೇ ಪೇಚಿಗೆ ಸಿಲುಕುತ್ತಾರೆ. ಹೋಮ್ ಫೋಲ್ಡರನ್ನು ಸಡಿಲಿಸುವ ಬದಲು ಪ್ರಾಜೆಕ್ಟನ್ನು ‘/ಎಸ್‌ಆರ್‌ವಿ’ ಅಡಿಗೆ ಸಾಗಿಸುವುದೇ ಮೇಲು. ಆದರೆ ವರ್ಚುವಲ್ ಎನ್ವಿರಾನ್‌ಮೆಂಟನ್ನು (ಪ್ರಾಜೆಕ್ಟ್‌ಗೆ ಬೇಕಾದ ಪೈಥಾನ್ ಪ್ಯಾಕೇಜುಗಳಿರುವ ಫೋಲ್ಡರ್) ಎತ್ತಿ ಒಯ್ಯಬೇಡಿ. ಅದರ ಸ್ಕ್ರಿಪ್ಟ್‌ಗಳೊಳಗೆ ಹಳೆಯ ವಿಳಾಸ ಅಚ್ಚಾಗಿರುವುದರಿಂದ ಹೊಸ ಜಾಗದಲ್ಲಿ ಹೊಸದಾಗಿಯೇ ಕಟ್ಟಬೇಕು.

ದಾರಿ ಸರಿಯಿದ್ದರೆ ಒಡೆತನದ ಕಡೆ ಬನ್ನಿ. ‘ಸುಡೋ’ ಹಾಕಿ (ಅಂದರೆ ರೂಟ್ ಆಗಿ) ಜ್ಯಾಂಗೋದ ‘ಕಲೆಕ್ಟ್‌ಸ್ಟ್ಯಾಟಿಕ್’ ಆದೇಶ ಓಡಿಸಿದ್ದರೆ, ಅಥವಾ ಒಮ್ಮೆ ಪರೀಕ್ಷೆಗೆಂದು ರೂಟ್ ಆಗಿ ಆಪ್ ಚಾಲೂ ಮಾಡಿದ್ದರೆ, ಆಗ ಹುಟ್ಟಿದ ಫೈಲುಗಳಿಗೆಲ್ಲ ರೂಟೇ ಒಡೆಯ. ನಂತರ ಆಪ್‌ನ ಖಾತೆಗೆ ತನ್ನದೇ ಲಾಗ್ ಫೈಲಿನಲ್ಲಿ ಬರೆಯಲಾಗುವುದಿಲ್ಲ. ‘ಫೈಂಡ್’ ಆದೇಶಕ್ಕೆ ‘-ಯೂಸರ್ ರೂಟ್’ ಕೊಟ್ಟು ಅವನ್ನು ಹುಡುಕಿ, ‘ಚೋನ್’ ಮೂಲಕ ಒಡೆತನ ಬದಲಿಸಿ.

ಒಂದೇ ಫೈಲಿನಲ್ಲಿ ಡೇಟಾಬೇಸ್ ಇಡುವ ಎಸ್‌ಕ್ಯೂಲೈಟ್ ಬಳಸುವವರಿಗೆ ಇನ್ನೊಂದು ಮಾತು. ಡೇಟಾಬೇಸ್ ಫೈಲಿಗೆ ಬರೆಯುವ ಅನುಮತಿ ಕೊಟ್ಟರೆ ಸಾಲದು. ಬರೆಯುವಾಗ ಪಕ್ಕದಲ್ಲೇ ಜರ್ನಲ್ ಫೈಲೊಂದು ಹುಟ್ಟಬೇಕಾದ್ದರಿಂದ, ಅದಿರುವ ಫೋಲ್ಡರ್‌ಗೂ ಬರೆಯುವ ಅನುಮತಿ ಬೇಕು.

ಹಳೆಯ ಜ್ಯಾಂಗೋ ಆಪ್‌ಗಳಲ್ಲಿ ಸಣ್ಣ ಚಿತ್ರಗಳು ಕಾಣಿಸಿ, ದೊಡ್ಡವು ಮಾತ್ರ 403 ತೋರಿಸುವುದುಂಟು. 2.5 ಎಂಬಿ ಮೀರಿದ ಅಪ್‌ಲೋಡ್‌ಗಳನ್ನು ಜ್ಯಾಂಗೋ ಮೊದಲು ತಾತ್ಕಾಲಿಕ ಫೈಲಿನಲ್ಲಿಡುತ್ತದೆ. ಅದರ ಅನುಮತಿ 600, ಅಂದರೆ ಒಡೆಯನಿಗೆ ಮಾತ್ರ. ಆ ಫೈಲೇ ಮೀಡಿಯಾ ಫೋಲ್ಡರ್‌ಗೆ ಹೋದಾಗ ಎಂಜಿನ್‌ಎಕ್ಸ್‌ಗೆ ಅದನ್ನು ಓದಲಾಗುತ್ತಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೋ 3.0ರಿಂದ ಪೂರ್ವನಿಯೋಜಿತ ಅನುಮತಿ 644 ಆಗಿದೆ. ಹಿಂದಿನ ಆವೃತ್ತಿಯಲ್ಲಿರುವವರು ಅದೇ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಬರೆಯಬೇಕು.

ರೆಡ್ ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಅನುಮತಿಗಳೆಲ್ಲ ಸರಿಯಿದ್ದೂ 13 ಬಂದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆ ತಡೆಯುತ್ತಿರಬಹುದು. ಅದನ್ನು ಶಾಶ್ವತವಾಗಿ ಆರಿಸಿಬಿಡುವುದು ತಪ್ಪು. ‘ಎಲ್ಎಸ್ -ಝಡ್’ ನೀಡಿ ಫೈಲಿನ ಗುರುತುಚೀಟಿ ನೋಡಿ, ಅದು ತಪ್ಪಿದ್ದರೆ ‘ರಿಸ್ಟೋರ್‌ಕಾನ್’ ಓಡಿಸಿ.

ಪ್ರತಿ ಬದಲಾವಣೆಯ ನಂತರ ಆಯಾ ಖಾತೆಯ ಹೆಸರಿನಲ್ಲೇ ಪರೀಕ್ಷಿಸಿ: ‘ಸುಡೋ -ಯು’ ಜೊತೆಗೆ ಖಾತೆಯ ಹೆಸರು ಕೊಟ್ಟು ‘ಕ್ಯಾಟ್’ನಿಂದ ಫೈಲನ್ನು ತೆರೆದು ನೋಡಿದರೆ ಉತ್ತರ ತಕ್ಷಣ ಸಿಗುತ್ತದೆ. ಖಾತೆಯನ್ನು ಹೊಸ ಗುಂಪಿಗೆ ಸೇರಿಸಿದ್ದರೆ ಆ ಸೇವೆಯನ್ನು ರೀಸ್ಟಾರ್ಟ್ ಮಾಡಿ, ಏಕೆಂದರೆ ಆಗಲೇ ಓಡುತ್ತಿರುವ ಪ್ರಕ್ರಿಯೆಗೆ ಹೊಸ ಗುಂಪು ತಾನಾಗಿ ಅನ್ವಯಿಸುವುದಿಲ್ಲ. ಸಾಕೆಟ್ ಫೈಲನ್ನು ‘/ರನ್’ ಅಡಿಯಲ್ಲಿ ನೀವೇ ಮಾಡಿದ ಫೋಲ್ಡರ್‌ನಲ್ಲಿಟ್ಟಿದ್ದರೆ, ರೀಬೂಟ್ ಆದಾಗ ಆ ಫೋಲ್ಡರ್ ಅಳಿಸಿಹೋಗುತ್ತದೆ. ಯೂನಿಟ್ ಫೈಲಿನಲ್ಲಿ ‘ರನ್‌ಟೈಮ್ ಡೈರೆಕ್ಟರಿ’ ಸಾಲು ಸೇರಿಸಿದರೆ, ಸೇವೆ ಶುರುವಾಗುವಾಗಲೆಲ್ಲ ಸಿಸ್ಟಮ್‌ಡಿಯೇ ಸರಿಯಾದ ಒಡೆತನದೊಂದಿಗೆ ಅದನ್ನು ಸೃಷ್ಟಿಸುತ್ತದೆ. ಆ ಸಾಲು ಬರೆದ ಮೇಲೆ ಸರ್ವರನ್ನು ಒಮ್ಮೆ ರೀಬೂಟ್ ಮಾಡಿ, ಬ್ರೌಸರ್‌ನಲ್ಲಿ ಪುಟ ತೆರೆದು, ಮೂರು ಎಂಬಿಯ ಚಿತ್ರವೊಂದನ್ನು ಅಪ್‌ಲೋಡ್ ಮಾಡಿ ನೋಡಿ.